ಡೆಟ್ರಾಯಿಟ್ ಗೆದ್ದ ವರ್ಷದ ಗುರುವಾರಗಳು

ಪ್ಲಿಮತ್, ಮಿಷಿಗನ್
9 ಜೂನ್ 2005, ಗುರುವಾರ

ಪದ್ಮಮ್ಮನವರಿಗೆ ಪೀರ್ ಸಾಬನ ನಮಸ್ಕಾರಗಳು.

ಮೊನ್ನೆ ನಿಮ್ಮ ಫೋನು ಬಂದಾಗ ನಾನು ಕಿವಿಯ ಮಿಷನ್ ತೆಗೆದಿಟ್ಟಿದ್ದೆ. ಮಗಳು ಷಹನಾಜ್ ಫೋನು ತಂದು ಕೈಗೆ ಕೊಟ್ಟಳು. ನಾನು ಹಲೋ ಹಲೋ ಎಂದೆ, ನೀವೂ ಹಲೋ ಎಂದಿರಬೇಕು, ಅಷ್ಟರಲ್ಲಿ ಮುಗಿಯಿತು. ಕಾಗದವೇ ವಾಸಿ. ಹರಿಹರದಲ್ಲಿ ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಖೈರುನ್ನಿಸಾ ಆ ಕಡೆಯಿಂದ ಕೈ ಚಾಚಿದರೆ ನೀವು ಈ ಕಡೆಯಿಂದ ಕರಿಬೇವು ಇಡುತ್ತಿದ್ದಿರಿ. ಈಗ ನೀವು ಡೌನರ್ಸ್ ಗ್ರೋವ್‌ನಲ್ಲಿ ಮಗನ ಮನೆಯಲ್ಲಿ, ನಾನು ಇಲ್ಲಿ ಮಗಳ ಮನೆಯಲ್ಲಿ. ನನ್ನ ಖೈರುನ್ನಿಸಾ ಈ ಊರಿನ ಹೊರಗೆ ಮಣ್ಣಿನಲ್ಲಿ. ಡಿಸೆಂಬರ್‌ನಿಂದ ಆರು ತಿಂಗಳಾಯಿತು.

ಒಂದು ಸಂತೋಷದ ಸುದ್ದಿ. ಡೆಟ್ರಾಯಿಟ್‌ನ ಬೇಸ್‌ಬಾಲ್ ತಂಡ ಎಲ್ಲರಿಗಿಂತ ಮುಂದಿದೆ. ಏಪ್ರಿಲ್‌ನಿಂದ ಹೊಡೆದದ್ದೇ ಹೊಡೆದದ್ದು. ಹರಿಹರದ ಮೈದಾನದಲ್ಲಿ ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದ ನನಗೆ ಈ ಆಟ ಇಷ್ಟು ಹಿಡಿಸುತ್ತದೆ ಎಂದುಕೊಂಡಿರಲಿಲ್ಲ. ದಿನಾ ಷಹನಾಜ್ ಲೈಬ್ರರಿಗೆ ಬಿಡುತ್ತಾಳೆ, ಅಲ್ಲಿ ಆ ದಿನದ ಪೇಪರಿನಿಂದ ಆಟದ ವರದಿ ಬರೆದುಕೊಳ್ಳುತ್ತೇನೆ. ಗುರುವಾರ ಗುರುವಾರ ಖೈರುನ್ನಿಸಾಳ ಬಳಿ ಕೂತು ಫಾತೆಹಾ ಓದಿ, ಆಮೇಲೆ ವಾರದ ಆಟವನ್ನೆಲ್ಲ ಓದಿ ಹೇಳುತ್ತೇನೆ.

ಇನ್ನೊಂದು ಸುದ್ದಿ ಸಂತೋಷದ್ದಲ್ಲ. ಅಳಿಯ ಅದೀಬನ ಕಂಪನಿಯವರು ಅವನನ್ನು ನಿಮ್ಮ ಷಿಕಾಗೋ ಕಡೆಯ ಇಟಾಸ್ಕಾದ ಆಫೀಸಿಗೆ ಹಾಕಿದ್ದಾರೆ. ಈದ್ ಮುಗಿದ ಮೇಲೆ, ನವೆಂಬರ್‌ನಲ್ಲಿ, ಮನೆಮಂದಿಯೆಲ್ಲ ಹೊರಡುವುದಂತೆ. ನಾನು ಬರುವುದಿಲ್ಲ ಎಂದಿದ್ದೇನೆ. ಅವಳನ್ನು ಇಲ್ಲಿ ಒಬ್ಬಳನ್ನೇ ಬಿಟ್ಟು ಹೇಗೆ ಬರಲಿ, ಹೇಳಿ? ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ವಿದ್ ಆಲ್ ಡ್ಯೂ ರೆಸ್ಪೆಕ್ಟ್’ ಎಂದು ಶುರು ಮಾಡಿದರೆ ಮುಂದೆ ‘ನೋ’ ಎಂದೇ ಬರುತ್ತಿತ್ತು. ಅದೀಬನಿಗೆ ಅದನ್ನೇ ಹೇಳಿದೆ. ಅವನು ನಕ್ಕ, ಒಪ್ಪಿದನೆಂದು ತಿಳಿಯಬೇಡಿ.

ಇತಿ,
ಪೀರ್ ಸಾಬ್


ಡೌನರ್ಸ್ ಗ್ರೋವ್
20 ಜೂನ್ 2005

ಪೀರ್ ಸಾಬರೆ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಹೆದರಿದೆ. ಸುದೀಪನಿಗೆ ‘ಡೆಟ್ರಾಯಿಟ್‌ನವರು ಮುಂದಿದ್ದಾರಂತೆ ಕಣೋ’ ಅಂದೆ. ಅವನು ಕಾಫಿ ಲೋಟ ಕೆಳಗಿಟ್ಟು, ‘ಯಾರು, ಡೆಟ್ರಾಯಿಟ್ಟಾ? ಅಮ್ಮಾ, ಅವರು ಈ ವರ್ಷ ಸೋತು ಸೋತು ಮಲಗಿದಾರೆ. ಮುಂದಿರೋರು ನಮ್ಮ ಷಿಕಾಗೋದವರು’ ಅಂದ. ಟಿವಿ ಹಾಕಿ ತೋರಿಸಿಯೂ ತೋರಿಸಿದ.

ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿ ನಿದ್ದೆ ಬರುತ್ತಿದೆಯಾ? ಡಾಕ್ಟರಿಗೆ ತೋರಿಸಿದಿರಾ? ನಮ್ಮ ದೊಡ್ಡಪ್ಪನಿಗೂ ಹೀಗೇ ಶುರುವಾಗಿದ್ದು. ಮಹಾರಾಜರ ಸವಾರಿ ಈಗ ಹೋಯ್ತು ನೋಡು ಅನ್ನುತ್ತಿದ್ದರು, ಬೀದಿಯಲ್ಲಿ ನೋಡಿದರೆ ಎಮ್ಮೆ.

ಇಟಾಸ್ಕಾ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಬನ್ನಿ. ನನಗೂ ಇಲ್ಲಿ ಮಾತಾಡುವವರು ಯಾರಿದ್ದಾರೆ? ಖೈರೂ ಏನಂದುಕೊಳ್ಳುತ್ತಾಳೋ ಅಂತ ನೀವು ಹೆದರುವುದು ನನಗೆ ಅರ್ಥವಾಗುತ್ತೆ. ಆದರೆ ಅವಳೇ ಇದ್ದಿದ್ದರೆ ಮೊಮ್ಮಗಳನ್ನು ಬಿಟ್ಟು ಅಲ್ಲಿ ಕೂರಿ ಅನ್ನುತ್ತಿದ್ದಳಾ?

ಪದ್ಮಮ್ಮ


ಪ್ಲಿಮತ್
7 ಜುಲೈ 2005, ಗುರುವಾರ

ಪದ್ಮಮ್ಮನವರೆ,

ನನ್ನ ತಲೆ ನೆಟ್ಟಗಿದೆ. ತಪ್ಪು ನನ್ನದೇ, ಇಸವಿ ಬರೆಯುವುದನ್ನು ಮರೆತೆ. ನಾನು ಹೇಳಿದ್ದು 1887ರ ಡೆಟ್ರಾಯಿಟ್.

ಹರಿಹರದಲ್ಲಿ ಬೆಳಿಗ್ಗೆ ಅವಳು ರೊಟ್ಟಿ ತಟ್ಟುವಾಗ ನಾನು ಗಟ್ಟಿಯಾಗಿ ಪೇಪರ್ ಓದುತ್ತಿದ್ದೆನಲ್ಲ, ನಿಮಗೂ ಗೋಡೆಯಾಚೆಗೆ ಕೇಳುತ್ತಿತ್ತು. ಅವಳಿಗೆ ಉರ್ದು ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ಮಣ್ಣಾದ ಮೇಲೂ ಆ ಅಭ್ಯಾಸ ಬಿಡಲಾಗಲಿಲ್ಲ. ಹಿಮ ಕರಗಿದ ಕೂಡಲೆ ಈ ಊರಿನ ಆ ದಿನದ ಪೇಪರ್ ಒಯ್ದು ಓದಲು ಕೂತೆ. ಅರ್ಧ ಪುಟಕ್ಕೇ ಮಡಚಿಟ್ಟೆ. ಅದರಲ್ಲಿದ್ದವರೆಲ್ಲ ಬದುಕಿದವರು. ಶನಿವಾರ ಸೋಫಾ ಸೇಲ್ ಇದೆ, ನಾಳೆ ಕೊಡೆ ತನ್ನಿ, ಮುಂದಿನ ತಿಂಗಳು ಮೆರವಣಿಗೆ. ನಾಳೆ ಎನ್ನುವುದೇ ಇಲ್ಲದವಳಿಗೆ ಇದನ್ನು ಹೇಗೆ ಓದುವುದು?

ಲೈಬ್ರರಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ಹಳೆಯ ಪೇಪರುಗಳ ಫಿಲ್ಮ್ ಸುರುಳಿ ನೋಡಿಕೊಳ್ಳುವವಳು. ಇಲ್ಲಿ ಕೆಲವರು ಹಳೇ ಕಾಲದ ಬಟ್ಟೆ ತೊಟ್ಟು ಹಳೇ ಕಾಯಿದೆಯಂತೆ ಬೇಸ್‌ಬಾಲ್ ಆಡುತ್ತಾರೆ. ಅವರಿಗಾಗಿ 1887ರ ಆಟಗಳನ್ನು ಕೈಬರಹದಲ್ಲಿ ಇಳಿಸಿಕೊಡುವವರು ಬೇಕಾಗಿದ್ದರು. ನನ್ನ ಅಕ್ಷರ ನೋಡಿ ಒಪ್ಪಿಕೊಂಡಳು. ಆಗ ಹೊಳೆಯಿತು. ಆ ಪೇಪರಿನಲ್ಲಿ ಆಡಿದವರು, ನೋಡಿದವರು, ಬರೆದವರು, ಮಾರಿದವರು ಎಲ್ಲರೂ ಈಗ ಅವಳಿರುವ ಕಡೆಯೇ ಇದ್ದಾರೆ. ಅವರ ಸುದ್ದಿ ಅವಳಿಗೆ ನೆರೆಹೊರೆಯ ಸುದ್ದಿ. ಅಷ್ಟೇ ಅಲ್ಲ, ಆ ವರ್ಷದ ಕ್ಯಾಲೆಂಡರೂ ಈ ವರ್ಷದ್ದೂ ಒಂದೇ. ಅಂದು ಗುರುವಾರವಾದರೆ ಇಂದೂ ಗುರುವಾರ. ನಾನು ಆಯಾ ದಿನದ ಪುಟವನ್ನು ಮಾತ್ರ ನೋಡುತ್ತೇನೆ, ಮುಂದಕ್ಕೆ ತಿರುಗಿಸುವುದಿಲ್ಲ. ಕೊನೆಗೆ ಏನಾಯಿತೆಂದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಆ ಒಂದು ವರ್ಷ ಮಾತ್ರ ವಿಚಿತ್ರ ಕಾಯಿದೆಗಳಿದ್ದವು. ದಾಂಡಿಗ ಮೂರನೆಯ ತಪ್ಪಿಗಲ್ಲ, ನಾಲ್ಕನೆಯ ತಪ್ಪಿಗೆ ಔಟ್. ಚೆಂಡು ಸರಿಯಾಗಿ ಬರಲಿಲ್ಲವೆಂದು ಬ್ಯಾಟು ಎತ್ತದೆ ನಿಂತೇ ಬೇಸ್ ಸೇರಿಕೊಂಡವನಿಗೂ ಹೊಡೆದವನ ಲೆಕ್ಕ ಕೊಡುತ್ತಿದ್ದರು. ಮರುವರ್ಷ ಎರಡನ್ನೂ ತೆಗೆದು ಹಾಕಿದರಂತೆ. ಲೈಬ್ರರಿಯವಳು ಇದಕ್ಕಿಂತ ಹೆಚ್ಚು ಹೇಳಲು ಬಾಯಿ ತೆರೆದಳು, ನಾನು ಕೈ ಅಡ್ಡ ಮಾಡಿದೆ.

ಒಂದು ಮಾತು, ನಗಬೇಡಿ. ಅಲ್ಲಿ ಓದುವಾಗ ಕೇಳಿಸಿಕೊಳ್ಳುತ್ತಿರುವುದು ನನಗೆ ಗೊತ್ತಾಗುತ್ತದೆ. ಹುಲ್ಲು ಅಲುಗಿತು, ಹಕ್ಕಿ ಕೂಗಿತು ಎಂಬ ಕಥೆಗಳಲ್ಲ. ಎದುರಿಗೆ ಒಬ್ಬರು ಗಮನವಿಟ್ಟು ಕೂತಿದ್ದರೆ ಓದುವವನ ದನಿ ತಾನಾಗಿ ಸರಿಯಾಗುತ್ತದಲ್ಲ, ಹಾಗೆ. ಬದುಕಿದ್ದಾಗ ಆಟದ ಪುಟ ಬಂದರೆ ‘ಅದು ಬಿಡಿ, ಯಾರು ಸತ್ತರು ಅದು ಓದಿ’ ಎನ್ನುತ್ತಿದ್ದಳು. ಈಗ ಕೊನೆಯ ರನ್ನಿನ ತನಕ ಕೇಳುತ್ತಾಳೆ. ಸತ್ತ ಮೇಲೆ ತಾಳ್ಮೆ ಬಂದಿದೆ. ಇಂಥ ಹೊತ್ತಿನಲ್ಲಿ ನೀವು ಇಟಾಸ್ಕಾ ಎನ್ನುತ್ತೀರಿ.

ಪೀರ್ ಸಾಬ್


ಪ್ಲಿಮತ್
18 ಆಗಸ್ಟ್ 2005, ಗುರುವಾರ

ಪದ್ಮಮ್ಮನವರೆ,

ನಿಮ್ಮಿಂದ ಉತ್ತರವಿಲ್ಲ. ನಿಮ್ಮ ಷಿಕಾಗೋದವರು, ಅಂದರೆ ನನ್ನ ಕಾಲದವರು, ಬೆನ್ನಿಗೇ ಬಂದುಬಿಟ್ಟಿದ್ದಾರೆ. ಡೆಟ್ರಾಯಿಟ್‌ನ ಬೌಲರುಗಳಿಗೆ ತೋಳು ನೋವು. ಬೌಲರ್ ಎಂದರೆ ಮೊಮ್ಮಗಳು ಮನಾಲ್ ತಲೆ ಚಚ್ಚಿಕೊಳ್ಳುತ್ತಾಳೆ, ‘ಪಿಚರ್, ನಾನಾ, ಪಿಚರ್!’

ಮನೆಯ ಮುಂದೆ ‘ಫಾರ್ ಸೇಲ್’ ಬೋರ್ಡು ನೆಟ್ಟರು. ಯಾರು ಯಾರೋ ಬಂದು ನನ್ನ ಕೋಣೆಯ ಬಾಗಿಲು ತೆಗೆದು ‘ಓ, ಸಾರಿ’ ಎಂದು ಹೋಗುತ್ತಾರೆ. ನಾನು ಆಗಲೇ ಸತ್ತು ಇಲ್ಲೇ ಉಳಿದುಬಿಟ್ಟವನ ಹಾಗೆ ಕೂತಿರುತ್ತೇನೆ.

ಭಾನುವಾರ ಅದೀಬ್ ಪಕ್ಕಕ್ಕೆ ಬಂದು ಕೂತ. ‘ಮಾಮೂ, ಅಲ್ಲಿ ಮನೆ ನೋಡಿದೀನಿ. ಕೆಳಗೇ ಒಂದು ರೂಮಿದೆ, ನೀವು ಮೆಟ್ಟಿಲು ಹತ್ತೋ ತಾಪತ್ರಯ ಇಲ್ಲ.’

‘ಅವಳಿಗೆ?’ ಎಂದೆ.

‘ಯಾರಿಗೆ?’ ಎಂದ. ಆಮೇಲೆ ಅವನಿಗೇ ಗೊತ್ತಾಗಿ, ರಿಮೋಟು ಎತ್ತಿಕೊಂಡು, ಟಿವಿ ಹಾಕದೆ ಹಾಗೇ ಹಿಡಿದುಕೊಂಡು ಕೂತ. ಒಳ್ಳೆಯ ಹುಡುಗ.

ಮನಾಲ್ ನಾನು ಬರೆದ ಹಾಳೆಗಳನ್ನು ತಿರುವಿ, ‘ನಾನಾ, ಯೂ ನೋ ದೇ ಆರ್ ಆಲ್ ಡೆಡ್, ರೈಟ್?’ ಎಂದಳು. ‘ಯೆಸ್, ದಟ್ ಈಸ್ ದಿ ಕ್ವಾಲಿಫಿಕೇಷನ್’ ಎಂದೆ. ಅವಳು ಹೆದರಿ ಅಮ್ಮನ ಹತ್ತಿರ ಹೋದಳು. ಈಚೆಗೆ ಷಹನಾಜ್ ನನ್ನನ್ನು ಒಂಥರಾ ನೋಡುತ್ತಾಳೆ. ಸ್ಮಶಾನಕ್ಕೆ ಬಿಡುವಾಗ ಕಾರಿನಲ್ಲಿ ಮಾತೇ ಆಡುವುದಿಲ್ಲ. ತಾಯಿಯ ನೆನಪೆಂದು ಸುಮ್ಮನಿದ್ದೇನೆ.

ಪೀರ್ ಸಾಬ್


ಡೌನರ್ಸ್ ಗ್ರೋವ್
12 ಸೆಪ್ಟೆಂಬರ್ 2005

ಪೀರ್ ಸಾಬರೆ,

ತಡವಾಯಿತು. ಮಂಡಿ ನೋವು ಅಂತ ಬರೆಯೋಣ ಅಂದುಕೊಂಡೆ, ಆದರೆ ಕಾಗದ ಬರೆಯುವುದು ಮಂಡಿಯಿಂದಲ್ಲವಲ್ಲ.

ಸುದೀಪ ಕಂಪ್ಯೂಟರಿನಲ್ಲಿ ನಿಮ್ಮ 1887ರ ಕಥೆ ಕೊನೆಯವರೆಗೂ ಓದಿ ನನಗೆ ಹೇಳಿಬಿಟ್ಟಿದ್ದಾನೆ. ನಾನು ನಿಮಗೆ ಬರೆಯುವುದಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ಈ ತಿಂಗಳು ಚೆನ್ನಾಗಿ ತಿಳಿಯಿತು.

ಸುಮ್ಮನೆ ಕೇಳುತ್ತೇನೆ. ಖೈರೂ ಇರುವ ಜಾಗ ನೀವು ಗುರುತಿಸುವುದು ಹೇಗೆ? ಕಲ್ಲು ಇನ್ನೂ ಹಾಕಿಸಿಲ್ಲವಲ್ಲ. ಷಹನಾಜ್ ಒಳಗೆ ಬರುತ್ತಾಳಾ?

ಪದ್ಮಮ್ಮ


ಪ್ಲಿಮತ್
22 ಸೆಪ್ಟೆಂಬರ್ 2005, ಗುರುವಾರ

ಪದ್ಮಮ್ಮನವರೆ,

ಇದೇನು ಪ್ರಶ್ನೆ? ನಮ್ಮ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಕಾಲಿಡುವುದಿಲ್ಲ, ಹರಿಹರದಲ್ಲೂ ಇಡುತ್ತಿರಲಿಲ್ಲ. ಷಹನಾಜ್ ಗೇಟಿನ ಹೊರಗೆ ಕಾರಿನಲ್ಲಿ ಕೂತಿರುತ್ತಾಳೆ. ಅದೀಬನಿಗೆ ಗುರುವಾರ ಆಫೀಸು. ಒಳಗೆ ಹೋಗುವವನು ನಾನೊಬ್ಬನೇ.

ನಮ್ಮೂರಿನ ಹಾಗೆ ಇಲ್ಲಿ ಮಣ್ಣಿನ ದಿಬ್ಬ ಇರುವುದಿಲ್ಲ. ಎಲ್ಲ ಸಪಾಟು ಹುಲ್ಲು, ಅಂಗೈಯಷ್ಟು ಸಿಮೆಂಟ್ ಬಿಲ್ಲೆ, ಅದರ ನಂಬರೂ ಸವೆದಿರುತ್ತದೆ. ಮಣ್ಣು ಮಾಡಿದ ದಿನ ಹಿಮದಲ್ಲಿ ನಿಂತು ಗುರುತು ಮಾಡಿಕೊಂಡಿದ್ದೇನೆ. ರಸ್ತೆಯಿಂದ ನಾಲ್ಕನೇ ಸಾಲು, ನೀರಿನ ನಲ್ಲಿಗೆ ನೇರ. ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತೇನೆ. ಇವತ್ತು ಡೆಟ್ರಾಯಿಟ್ ಮತ್ತೆ ಮೇಲಾಗಿದ್ದನ್ನು ಓದಿದೆ. ಅವಳಿಗೆ ಖುಷಿಯಾಯಿತು, ನನಗೆ ತಿಳಿಯಿತು.

ಪೀರ್ ಸಾಬ್


ಡೌನರ್ಸ್ ಗ್ರೋವ್
3 ಅಕ್ಟೋಬರ್ 2005

ಪೀರ್ ಸಾಬರೆ,

ಕೂತು ಓದಿ.

ಆಗಸ್ಟ್ ಮೊದಲ ವಾರ ಷಹನಾಜ್ ನನಗೆ ಫೋನ್ ಮಾಡಿದಳು, ಕಾರಿನಲ್ಲೇ ಕೂತು. ವರ್ಷದ ಫಾತೆಹಾದೊಳಗೆ ಕಲ್ಲು ಹಾಕಿಸಬೇಕು ಅಂತ ಖಬರಸ್ತಾನದ ಆಫೀಸಿಗೆ ಹೋಗಿದ್ದಳಂತೆ. ಅವರು ನಕ್ಷೆ ತೋರಿಸಿ ಜಾಗ ಹೇಳಿದರು. ಅವಳು ಕಿಟಕಿಯಿಂದ ನೋಡಿದರೆ ನೀವು ಕೂತಿರುವುದು ಬೇರೆ ಕಡೆ. ‘ಆಂಟಿ, ಅಬ್ಬಾ ಕೂತ್ಕೊಳ್ಳೋದು ಅಮ್ಮಿ ಹತ್ರ ಅಲ್ಲ’ ಅಂತ ಅತ್ತಳು. ‘ಹೇಳ್ಲಾ, ಬೇಡ್ವಾ? ನೀವೇ ಹೇಳಿ, ನಂಗೆ ಧೈರ್ಯ ಇಲ್ಲ.’

ಚಳಿಗಾಲದಲ್ಲೇ, ನೀವು ಹೋಗಲು ಶುರು ಮಾಡುವ ಮುಂಚೆ, ರಸ್ತೆಯ ಪಕ್ಕ ಹೊಸದಾಗಿ ಒಂದು ಸಾಲು ಬಂದಿದೆಯಂತೆ. ಆಗ ನಾಲ್ಕನೆಯದಾಗಿದ್ದದ್ದು ಈಗ ಐದನೆಯದು. ನೀವು ಓದಿ ಹೇಳುತ್ತಿರುವುದು ಯಾರೋ ಯೆಮೆನ್ ದೇಶದ ಮನುಷ್ಯನಿಗೆ. ಕಾರು ಕಾರ್ಖಾನೆಯಲ್ಲಿದ್ದವನಂತೆ, ಇಲ್ಲಿ ಅವನ ಕಡೆಯವರು ಯಾರೂ ಇಲ್ಲವಂತೆ.

ಎರಡು ತಿಂಗಳು ನಾನೂ ಮುಚ್ಚಿಟ್ಟೆ. ಅವರು ಸಮಾಧಾನವಾಗಿದ್ದಾರೆ, ಇರಲಿ ಬಿಡು ಅಂತ ನಾನೇ ಅವಳಿಗೆ ಹೇಳಿದ್ದು. ಆದರೆ ಹೋದ ಕಾಗದದಲ್ಲಿ ‘ಅವಳಿಗೆ ಖುಷಿಯಾಯಿತು’ ಅಂತ ಬರೆದಿರಲ್ಲ, ಅದನ್ನು ಓದಿ ಖೈರೂ ನನ್ನ ಬೆನ್ನ ಹಿಂದೆ ನಿಂತು ‘ಪದ್ಮಾ, ನಾನು ಇಲ್ಲಿದೀನಿ ಅಂತ ಅವರಿಗೆ ಹೇಳೇ’ ಅಂದ ಹಾಗಾಯಿತು. ಹಿಂತಿರುಗಿ ನೋಡಿದೆ ಕೂಡ.

ಬೈಯಿರಿ. ಆದರೆ ಬರೆಯಿರಿ.

ಪದ್ಮಮ್ಮ


ಪ್ಲಿಮತ್
13 ಅಕ್ಟೋಬರ್ 2005, ಗುರುವಾರ

ಪದ್ಮಮ್ಮನವರಿಗೆ,

ಕಾಗದ ತಲುಪಿತು. ಮೊನ್ನೆ ಡೆಟ್ರಾಯಿಟ್‌ನವರು ಗೆದ್ದರು. ನಾನು ಇವತ್ತು ಎಲ್ಲಿಗೂ ಹೋಗಲಿಲ್ಲ.

ಪೀರ್ ಸಾಬ್


ಡೌನರ್ಸ್ ಗ್ರೋವ್
18 ಅಕ್ಟೋಬರ್ 2005

ಪೀರ್ ಸಾಬರೆ,

ಮೂರು ಸಾಲು ಬರೆದಿರಿ, ಅಷ್ಟಾದರೂ ಬರೆದಿರಲ್ಲ. ಇಲ್ಲಿ ಈಗಿನ ಷಿಕಾಗೋದವರು ಫೈನಲ್‌ಗೆ ಬಂದರು ಅಂತ ಪಕ್ಕದ ಮನೆಯವರು ತಟ್ಟೆ ಬಡಿಯುತ್ತಿದ್ದಾರೆ. ನನಗೆ ಯಾವ ಗೆಲುವೂ ಬೇಡ. ಷಹನಾಜ್ ಹೇಳಿದಳು, ನೀವು ರೋಜಾ ಬಿಡುವಾಗ ಖರ್ಜೂರ ಒಂದೇ ತಿಂದು ಏಳುತ್ತೀರಂತೆ. ನನ್ನ ಮೇಲಿನ ಸಿಟ್ಟು ಅನ್ನದ ಮೇಲೆ ಬೇಡ.

ಪದ್ಮಮ್ಮ


ಪ್ಲಿಮತ್
27 ಅಕ್ಟೋಬರ್ 2005, ಗುರುವಾರ

ಪದ್ಮಮ್ಮನವರೆ,

ಸಿಟ್ಟಿರಲಿಲ್ಲ. ಹೆದರಿಕೆ. ನಿಮ್ಮ ಕಾಗದ ಓದಿದ ಮೇಲೆ ನನ್ನನ್ನು ಹಿಡಿದದ್ದು ಒಂದೇ ಪ್ರಶ್ನೆ. ಹಾಗಾದರೆ ಇಷ್ಟು ದಿನ ಕೇಳಿಸಿಕೊಳ್ಳುತ್ತಿದ್ದವರು ಯಾರು? ಕೇಳಿಸಿಕೊಂಡದ್ದಂತೂ ನಿಜ. ಅದನ್ನು ನಾನು ಕಲ್ಪಿಸಿಕೊಳ್ಳಲಿಲ್ಲ. ಮಧ್ಯೆ ಬಾಯಿ ಹಾಕದೆ ಒಂದು ಇಡೀ ಬೇಸಿಗೆ ಕೂತು ಕೇಳಿದ ಆ ಜೀವ ನನ್ನ ಹೆಂಡತಿಯದಲ್ಲ ಎಂದ ಮೇಲೆ, ಅಲ್ಲಿಗೆ ಹೋಗಲು ಕಾಲು ಬರಲಿಲ್ಲ.

ಕಳೆದ ಗುರುವಾರ ಷಹನಾಜ್ ಕಾರು ನಿಲ್ಲಿಸಿ, ಸೆರಗಿನಂತೆ ದುಪಟ್ಟಾ ಬಿಗಿದುಕೊಂಡು, ‘ಅಬ್ಬಾ, ನಾನೂ ಬರ್ತೀನಿ’ ಎಂದಳು. ಬೇಡವೆನ್ನಲು ನಾನು ಯಾವ ದೊಡ್ಡ ಮನುಷ್ಯ? ಕೈ ಹಿಡಿದು ಕರೆದುಕೊಂಡು ಹೋದಳು. ಐದನೇ ಸಾಲಿನಲ್ಲಿ ನಿಂತು, ‘ಅಮ್ಮಿ ಇಲ್ಲಿ’ ಎಂದಳು. ನಾನು ಫಾತೆಹಾ ಓದಿ, ಕೂತು, ಹಾಳೆ ತೆಗೆದೆ. ಎರಡು ಲೀಗುಗಳ ಚಾಂಪಿಯನ್ ತಂಡಗಳು, ಡೆಟ್ರಾಯಿಟ್ ಮತ್ತು ಸೇಂಟ್ ಲೂಯಿಸ್, ಒಂದೇ ರೈಲಿನಲ್ಲಿ ಊರೂರು ತಿರುಗುತ್ತ ಹದಿನೈದು ಆಟ ಆಡಬೇಕೆಂದು ಕರಾರಾಗಿತ್ತು. ಅದನ್ನು ಓದಲು ಶುರು ಮಾಡಿದೆ.

ಎರಡು ವಾಕ್ಯ ಆಗಿರಲಿಲ್ಲ. ನನ್ನ ದನಿ ನನಗೇ ಬೇಸರ ಹುಟ್ಟಿಸುವಂತೆ ಒಣಗಿತು. ನಾವು ಮಾತಾಡುತ್ತಿರುವಾಗಲೇ ಎದುರಿನವರು ಎದ್ದು ಒಲೆಯ ಕಡೆ ಹೋದರೆ ಹೇಗಾಗುತ್ತದೆಯೋ ಹಾಗೆ. ಅದು ಬಿಡಿ, ಅದು ಬಿಡಿ. ನಾನು ಹಾಳೆ ಮಡಚಿಬಿಟ್ಟೆ. ಪದ್ಮಮ್ಮನವರೆ, ನಕ್ಷೆ ಬೇಕಾಗಿಲ್ಲ. ಅವಳು ಅಲ್ಲೇ ಇದ್ದಾಳೆ. ‘ಇವಳೇ ಕಣಮ್ಮ’ ಎಂದೆ. ಷಹನಾಜ್ ಅಳುತ್ತ ನಗುತ್ತ ಹುಲ್ಲಿನ ಮೇಲೆ ಕೂತುಬಿಟ್ಟಳು.

ಮರುದಿನ ಡೆಟ್ರಾಯಿಟ್ ಎಂಟನೆಯ ಆಟವನ್ನು ಗೆದ್ದಿತು. ಹದಿನೈದರಲ್ಲಿ ಎಂಟು ಬಂದರೆ ಮುಗಿಯಿತಲ್ಲ, ಅವರೇ ಚಾಂಪಿಯನ್ನರು. ಆದರೆ ಅವರು ನಿಲ್ಲಿಸಲಿಲ್ಲ. ಗೆದ್ದವರೂ ಸೋತವರೂ ಮತ್ತೆ ಅದೇ ರೈಲು ಹತ್ತಿ ಉಳಿದ ಊರುಗಳಿಗೆ ಹೋದರು. ಷಿಕಾಗೋದಲ್ಲಿ ಕೆಲವೇ ನೂರು ಜನ. ಕೊನೆಯ ಆಟಕ್ಕೆ ಸೇಂಟ್ ಲೂಯಿಸ್‌ನಲ್ಲಿ ಎಷ್ಟು ಚಳಿಯೆಂದರೆ ಪೂರ್ತಿ ಆಡದೆ ಅರ್ಧಕ್ಕೇ ಎದ್ದರು, ಅದರಲ್ಲಿ ಡೆಟ್ರಾಯಿಟ್ ಸೋತಿತು. ಫಲಿತಾಂಶ ಗೊತ್ತಾದ ಮೇಲೆ ಖಾಲಿ ಮೈದಾನದಲ್ಲಿ ಕೈ ಉಜ್ಜಿಕೊಳ್ಳುತ್ತ ಆಡಿದ ಆ ಜನರನ್ನು ಬರೆದುಕೊಳ್ಳುವಾಗ ನನ್ನ ಪೆನ್ನು ಎಷ್ಟೋ ಸಲ ನಿಂತಿತು. ಲೈಬ್ರರಿಯವಳು ಈಗ ಹೇಳಲೇ ಎಂದಳು, ಹೇಳು ಎಂದೆ. ಇನ್ನೊಂದೇ ವರ್ಷ ಆಡಿ ಆ ತಂಡ ಇಲ್ಲವಾಯಿತಂತೆ. ನಿಮಗೆ ಮೊದಲೇ ಗೊತ್ತಿತ್ತು. ಬರೆಯದಿದ್ದುದಕ್ಕೆ ಥ್ಯಾಂಕ್ಸ್.

ಇವತ್ತು ಕೊನೆಯ ಆಟದ ವರದಿ ಬಂತು. ಒಯ್ದು ನಾಲ್ಕನೇ ಸಾಲಿನಲ್ಲಿ ಕೂತೆ. ‘ಅಬ್ಬಾ, ಅಲ್ಲಲ್ಲ, ಇಲ್ಲಿ’ ಎಂದು ಷಹನಾಜ್ ಕರೆದಳು. ‘ಗೊತ್ತು ಬಿಡಮ್ಮ. ಈ ಮನುಷ್ಯ ಏಪ್ರಿಲ್‌ನಿಂದ ಕೇಳಿದಾನೆ. ಕೊನೆ ಹೇಳದೆ ಎದ್ದು ಹೋಗೋದು ಸರಿಯಲ್ಲ’ ಎಂದೆ. ಮೊದಲು ಅವನಿಗೊಂದು ಫಾತೆಹಾ, ಆಮೇಲೆ ಪೂರ್ತಿ ವರದಿ. ದನಿ ಗಂಟೆಯ ಹಾಗಿತ್ತು.

ನವೆಂಬರ್‌ಗೆ ಬರುತ್ತೇನೋ ಇಲ್ಲವೋ, ಇನ್ನೂ ಯಾರಿಗೂ ಹೇಳಿಲ್ಲ. ಹೆಂಡತಿಗೆ ಇಷ್ಟು ದಿನ ಒಂದು ಮಾತೂ ಮುಟ್ಟಿಲ್ಲ. ಹೇಳುವುದಾದರೆ ಮೊದಲು ಅವಳಿಗೆ ಹೇಳಬೇಕು.

ಪೀರ್ ಸಾಬ್


ಇಟಾಸ್ಕಾ, ಇಲಿನಾಯ್
16 ನವೆಂಬರ್ 2005, ಬುಧವಾರ

ಪದ್ಮಮ್ಮನವರೆ,

ಇಪ್ಪತ್ತು ನಿಮಿಷದ ದೂರಕ್ಕೆ ಸ್ಟ್ಯಾಂಪ್ ಹಚ್ಚುತ್ತಿದ್ದೇನೆಂದು ಮನಾಲ್ ನಗುತ್ತಾಳೆ. ಭಾನುವಾರ ನೀವು ಬರುತ್ತೀರಿ, ಆದರೆ ಇದನ್ನು ಎಲ್ಲರ ಎದುರು ಹೇಳಲಾಗುವುದಿಲ್ಲ.

ಹೊರಡುವ ಮುಂಚಿನ ಗುರುವಾರ ಒಬ್ಬನೇ ಅವಳ ಬಳಿ ಕೂತೆ. ಪೇಪರ್ ಒಯ್ದಿರಲಿಲ್ಲ. ಅವಳು ಬೇಸರಪಡದ ಹಾಗೆ ಬೇಗ ಬೇಗ ಹೇಳಬೇಕಿತ್ತು. ಇಂಥಿಂಥ ಊರಿಗೆ ಹೋಗುತ್ತಿದ್ದೇವೆ ಎಂದೆ. ಈ ದೇಶದಲ್ಲಿ ಆರು ವರ್ಷ ಇದ್ದು ಒಂದು ಬೀದಿಯನ್ನೂ ಅವಳು ಒಬ್ಬಳೇ ದಾಟಿದವಳಲ್ಲ. ಅದಕ್ಕೇ ದಾರಿ ಹೇಳಿದೆ. 94ನೇ ನಂಬರಿನ ಹೈವೇ ಹಿಡಿದು ಪಶ್ಚಿಮಕ್ಕೆ ಬಾ, ಇಂಡಿಯಾನಾ ದಾಟು, 294ಕ್ಕೆ ತಿರುಗಿ ಉತ್ತರಕ್ಕೆ ಬಾ, ಆಮೇಲೆ 290. ತಲೆಯ ಮೇಲೆ ವಿಮಾನಗಳು ತೀರಾ ಕೆಳಗೆ ಇಳಿಯುತ್ತಿದ್ದರೆ ಎಕ್ಸಿಟ್ ದಾಟಿ ಮುಂದೆ ಬಂದೆ ಎಂದು ತಿಳಿ, ಹಿಂದಕ್ಕೆ ತಿರುಗು. ಬೀದಿಯ ಹೆಸರು, ಮನೆಯ ನಂಬರು ಹೇಳಿದೆ. ಮತ್ತೊಮ್ಮೆ ಹೇಳಿದೆ. ಅಷ್ಟೂ ಹೊತ್ತು ಅವಳು ಒಲೆಯ ಕಡೆ ಹೋಗಲಿಲ್ಲ.

ಹೊರಟು ಬಂದೆ. ಕೆಳಗಿನ ಕೋಣೆ ಚೆನ್ನಾಗಿದೆ, ಬಾಗಿಲಿಗೆ ಹತ್ತಿರ.

ಇವತ್ತು ಅದೀಬ್ ಡ್ರಿಲ್ ಹಿಡಿದುಕೊಂಡು ಓಡಾಡುತ್ತಿದ್ದ. ಮೊದಲು ಏನು ರಿಪೇರಿ ಮಾಡಲಿ ಮಾಮೂ, ಶೆಲ್ಫಾ, ಪರದೆಯಾ ಎಂದು ಕೇಳಿದ. ಇದೆಲ್ಲ ಆಮೇಲೆ, ಮುಂಬಾಗಿಲ ಕಾಲಿಂಗ್ ಬೆಲ್ ಕೆಟ್ಟಿದೆ, ಅದನ್ನು ಸರಿಮಾಡು ಎಂದೆ.

‘ಈ ಚಳೀಲಿ ಯಾರು ಬರ್ತಾರೆ ಮಾಮೂ?’ ಎಂದ.

ಅವನು ನನ್ನ ಮುಖ ನೋಡಿ, ಸ್ಟೂಲ್ ತಂದು, ಮೊದಲು ಅದನ್ನೇ ಬಿಚ್ಚಿದ.

ಪೀರ್ ಸಾಬ್